ಎಸ್ಸೆಸ್ಸೆಲ್ಸಿ ಆದಮ್ಯಾಲ ಐಟಿಐ ಹಿಡಿಯೋರಿಗೆ: ಟ್ರೇಡ್ ಆರಿಸೋದ್ರಿಂದ ಅಪ್ರೆಂಟಿಸ್ ಮುಗಿಯೋತನಕ

ನಮ್ಮ ಕಡೆ ಐಟಿಐ ಸೇರೋದು ಉಲ್ಟಾನ ನಡೀತೈತಿ. ರಿಜಲ್ಟ್ ಬಂತು, ಪರ್ಸೆಂಟೇಜ್ ಕಡಿಮಿ ಆತು, ಮನಿಗೆ ಹತ್ರ ಯಾವ ಕಾಲೇಜ್ ಐತಿ ನೋಡು, ಅಲ್ಲಿ ಯಾವ ಟ್ರೇಡ್ (ಕಲಿಯೋ ಕಸಬು) ಖಾಲಿ ಐತಿ ಕೇಳು, ಸೇರಿಸಿಬಿಡು. ಕೆಲಸದ ಮಾತು ಎರಡು ವರ್ಷ ಆದಮ್ಯಾಲ. ಇದನ್ನ ತಿರುವಿ ಹಾಕ್ರಿ. ಮೊದಲ ಕೆಲಸ ಯಾರು ಕೊಡ್ತಾರ ನೋಡಬೇಕು, ಅವರಿಗೆ ಯಾವ ಟ್ರೇಡ್ ಬೇಕಾಗೇತಿ ನೋಡಬೇಕು, ಆಮ್ಯಾಲ ಆ ಟ್ರೇಡ್ ಖರೇನ ಕೈಗೆ ಹತ್ತೋಹಂಗ ಕಲಿಸೋ ವರ್ಕ್‌ಶಾಪ್ ಎಲ್ಲೈತಿ ಹುಡುಕಬೇಕು. ಬಸ್‌ಸ್ಟ್ಯಾಂಡಿಂದ ಎಷ್ಟು ದೂರ ಅನ್ನೋದೆಲ್ಲ ಕಡೀಗೆ.

ನಾನು ಫಿಟ್ಟರ್ (ಮಷಿನ್ ಭಾಗ ಜೋಡಿಸೋ ಟ್ರೇಡ್) ಮುಗಿಸಿ ಮಷಿನ್ ಶಾಪ್‌ನ್ಯಾಗ ಕೆಲಸ ಮಾಡೋನು, ಹೊಸ ಹುಡುಗೋರನ್ನ ತಗೊಳ್ಳೋ ಮುಂದ ನಾನೂ ಕುಂದರ್ತೀನಿ. ಚೊಲೊ ಹುಡುಗೋರು, ಎರಡು ವರ್ಷ ಕಾಲೇಜಿಗೆ ಹೋಗ್ಯಾರ, ಸರ್ಟಿಫಿಕೇಟ್ ಐತಿ, ಆದ್ರ ಕೈಯಾಗ ವರ್ನಿಯರ್ (ಸಣ್ಣ ಅಳತಿ ನೋಡೋ ಉಪಕರಣ) ಕೊಟ್ರ ಓದಾಕ ಬರಂಗಿಲ್ಲ. ತಪ್ಪು ಅವರದಲ್ಲ, ಸೇರೋ ಮುಂದ ಏನು ನೋಡಬೇಕು ಅಂತ ಯಾರೂ ಹೇಳಿಲ್ಲ. ಅದಕ್ಕ ಬರ್ಯಾಕತ್ತೀನಿ, ಉದ್ದ ಆಗೇತಿ, ಅಪ್ಪ ಅವ್ವ ಇಬ್ಬರೂ ಹುಡುಗನ ಜೋಡಿ ಕುಂತು ಓದ್ರಿ.

ಹಂತ 1: ನಿಮ್ಮ ಜಿಲ್ಲ್ಯಾಗ ಕೆಲಸ ಎಲ್ಲೆಲ್ಲಿ ಐತಿ

ಬೆಳಗಾವಿ ಅಂದ್ರ ಫೌಂಡ್ರಿ ಮತ್ತ ಮಷಿನ್ ಶಾಪ್. ಉದ್ಯಮಬಾಗ, ಮಚ್ಛೆ, ಹೊನಗಾ, ಕಾಕತಿ ಈ ಕಡೆ ಕಾಸ್ಟಿಂಗ್ ಹೊಯ್ಯೋರು, ಅದನ್ನ ಮಷಿನಿಂಗ್ ಮಾಡೋರು, ಹೈಡ್ರಾಲಿಕ್ ಪಾರ್ಟ್ ಮಾಡೋರು ಸಾಲಸಾಲ ಅದಾರ. ಹತ್ತರಗಿ ಹತ್ರ ಏಕಸ್ ಏರೋಸ್ಪೇಸ್ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಐತಿ, ವಿಮಾನದ ಬಿಡಿಭಾಗ ಅಲ್ಲಿ ಆಗ್ತಾವ. ಈ ಪಟ್ಟಿಗೆ ಬೇಕಾದವರು ಟರ್ನರ್ (ಕಬ್ಬಿಣ ತಿರುಗಿಸಿ ಕತ್ತರಿಸೋ ಲೇಥ್ ಮಷಿನ್ ನಡಸೋರು), ಮಷಿನಿಸ್ಟ್ (ಮಿಲ್ಲಿಂಗ್, ಗ್ರೈಂಡಿಂಗ್ ಮಷಿನ್ ನಡಸೋರು), ಫಿಟ್ಟರ್, ಸಿಎನ್‌ಸಿ ವಿಎಂಸಿ (ಕಂಪ್ಯೂಟರ್ ಮ್ಯಾಲ ಓಡೋ ಮಷಿನ್) ಆಪರೇಟರ್, ಮತ್ತ ಅಳತಿ ನೋಡಿ ಪಾಸ್ ರಿಜೆಕ್ಟ್ ಮಾಡೋ ಕ್ವಾಲಿಟಿಯವರು. ಅಲ್ಯುಮಿನಿಯಂ ಕಂಪನಿ ಹಿಂಡಾಲ್ಕೋದಂಥ ದೊಡ್ಡ ಪ್ಲಾಂಟಿಗೆ ಎಲೆಕ್ಟ್ರಿಷಿಯನ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಫಿಟ್ಟರ್ ಬೇಕು.

ಬಾಗಲಕೋಟಿ ಕಡೆ ಸಕ್ಕರಿ ಕಾರ್ಖಾನೆ ಮತ್ತ ಸಿಮೆಂಟ್. ಮುಧೋಳ, ಜಮಖಂಡಿ, ಬೀಳಗಿ ಎತ್ತ ಹೋದ್ರೂ ಚಿಮಣಿ ಕಾಣ್ತಾವ, ಮುದ್ದಾಪುರದಾಗ ಜೆಕೆ ಸಿಮೆಂಟ್ ಐತಿ. ಸಕ್ಕರಿ ಕಾರ್ಖಾನ್ಯಾಗ ಬರೇ ಸಕ್ಕರಿ ಆಗಂಗಿಲ್ಲ, ಕಬ್ಬಿನ ಸಿಪ್ಪಿ ಉರಿಸಿ ಕರೆಂಟ್ ಮಾಡ್ತಾರ, ಡಿಸ್ಟಿಲರಿ ಇರ್ತೈತಿ, ಹಿಂಗಾಗಿ ಮಿಲ್ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಟರ್ಬೈನ್ ಮತ್ತ ಬಾಯ್ಲರ್ ಮ್ಯಾಲ ನಿಲ್ಲೋರು ಎಲ್ಲಾ ಬೇಕು. ಒಂದು ಮಾತು ಮಾತ್ರ ಬಾಯಿಬಿಟ್ಟು ಕೇಳ್ರಿ: ಸೀಜನಲ್ ಕೆಲಸನೋ ಪರ್ಮನೆಂಟೋ? ನುರಿಸೋ ಹಂಗಾಮು ದೀಪಾವಳಿ ಆಜುಬಾಜು ಶುರುವಾಗಿ ಕೆಲವು ತಿಂಗಳಿಗೆ ಮುಗೀತೈತಿ, ಆಮ್ಯಾಲ ಓವರ್‌ಹಾಲಿಂಗ್. ಆ ಓವರ್‌ಹಾಲಿಂಗ್ ಟೈಮಿನ್ಯಾಗ ಬೇಕಾಗೋ ಮನಷ್ಯಾ ಅಂದ್ರ ಫಿಟ್ಟರ್ ಮತ್ತ ವೆಲ್ಡರ್, ಹಿಂಗಾಗಿ ಇವರಿಗೆ ವರ್ಷಪೂರ್ತಿ ಕೆಲಸ ಸಿಗೋ ಛಾನ್ಸ್ ಜಾಸ್ತಿ. ಬಾಯ್ಲರ್ ಕಡೆ ಹೋದವರು ಅನುಭವ ತೋರಿಸಿ ಸರ್ಕಾರದ ಕಾರ್ಖಾನೆ ಮತ್ತ ಬಾಯ್ಲರ್ ಇಲಾಖೆಯ ಬಾಯ್ಲರ್ ಅಟೆಂಡೆಂಟ್ ಪರೀಕ್ಷೆ ಪಾಸ್ ಆದ್ರ ಪಗಾರನ ಬ್ಯಾರೆ, ಯಾಕಂದ್ರ ಆ ಸರ್ಟಿಫಿಕೇಟ್ ಇದ್ದಾಂವ ಇಲ್ಲದ ಬಾಯ್ಲರ್ ನಡಸಾಕ ಕಾನೂನು ಬಿಡಂಗಿಲ್ಲ.

ವಿಜಯಪುರದಾಗ ಕೂಡಗಿಯ ಎನ್‌ಟಿಪಿಸಿ, 2400 ಮೆಗಾವ್ಯಾಟ್, 800ರವು ಮೂರು ಯುನಿಟ್. ಆಲಮಟ್ಟಿಯ ಜಲವಿದ್ಯುತ್ ಕೇಂದ್ರ 290 ಮೆಗಾವ್ಯಾಟ್. ಇಂಥ ಪ್ಲಾಂಟಿನ್ಯಾಗ ಐಟಿಐ ಹುಡುಗೋರಿಗೆ ಭಾಳಷ್ಟು ಕೆಲಸ ಮೆಂಟೆನೆನ್ಸ್ ಕಾಂಟ್ರಾಕ್ಟರ್ ಕೈಯಾಗಿಂದ ಬರ್ತೈತಿ, ನೇರ ನೇಮಕ ಕಡಿಮಿ, ಇದು ಗೊತ್ತಿದ್ದು ಹೋಗ್ರಿ. ಇನ್ನೊಂದು ಯಾರೂ ಲಕ್ಷ್ಯ ಕೊಡದ ಕೆಲಸ ಐತಿ, ಕೋಲ್ಡ್ ಸ್ಟೋರೇಜ್. ದ್ರಾಕ್ಷಿ ಒಣದ್ರಾಕ್ಷಿ ಬೆಳೆಯೋ ಜಿಲ್ಲೆ, ಮಾಲು ಇಡಾಕ ಕೋಲ್ಡ್ ಸ್ಟೋರೇಜ್ ಬೇಕು, ಅದರ ಕಂಪ್ರೆಸರ್ ನಡುರಾತ್ರಿ ನಿಂತ್ರ ಓಡಿಬರೋ ಮೆಕ್ಯಾನಿಕ್ ಬೇಕು. ರೆಫ್ರಿಜರೇಷನ್ ಮತ್ತ ಎಸಿ ಟ್ರೇಡ್ ಹುಡುಗೋರು ಬ್ಯಾಸಗಿ ಪೂರ್ತಿ ಮನಿ ಎಸಿ, ಫ್ರಿಜ್ ರಿಪೇರಿನೂ ಹಿಡೀಬಹುದು. ನನ್ನ ಕೇಳಿದ್ರ ವಿಜಯಪುರದ ಹುಡುಗರು ಈ ಟ್ರೇಡ್ ಕಡೆ ಒಮ್ಮೆ ತಿರುಗಿ ನೋಡಲೇಬೇಕು.

ಈ ಮೂರೂ ಜಿಲ್ಲೆಗೆ ಸೇರಿ ಹೆಸ್ಕಾಂ ಐತಿ, ಹುಬ್ಬಳ್ಳಿಯ ನೈಋತ್ಯ ರೈಲ್ವೆ ಐತಿ. ಬಸ್ ಸಂಸ್ಥೆ ಮಾತ್ರ ಬ್ಯಾರೆ ಬ್ಯಾರೆ: ಬೆಳಗಾವಿ ಬಾಗಲಕೋಟಿ ವಾಯವ್ಯ ಸಂಸ್ಥೆಗೆ ಬರ್ತಾವ, ವಿಜಯಪುರ ಕಲ್ಯಾಣ ಕರ್ನಾಟಕ ಸಂಸ್ಥೆಗೆ. ಹಂಗಂತ ವಿಜಯಪುರದವರಿಗೆ ಕಲ್ಯಾಣ ಕರ್ನಾಟಕದವರಿಗೆ ಇರೋ 371 ಜೆ ಮೀಸಲಾತಿ ಸಿಗಂಗಿಲ್ಲ, ಆ ಗೊಂದಲದಾಗ ಎಷ್ಟೋ ಮಂದಿ ಅರ್ಜಿ ತಪ್ಪು ತುಂಬ್ತಾರ.

ಒಂದು ಕೆಲಸ ಮಾಡ್ರಿ. ರಜಾದಾಗ ಒಂದು ದಿನ ನಿಮಗ ಹತ್ರದ ಇಂಡಸ್ಟ್ರಿಯಲ್ ಏರಿಯಾಕ್ಕ ಹೋಗಿ, ಗೇಟ್ ಮುಂದ ಅಂಟಿಸಿದ "ಬೇಕಾಗಿದ್ದಾರೆ" ಬೋರ್ಡ್ ಓದ್ರಿ, ಚಾದಂಗಡಿ ಮುಂದ ಶಿಫ್ಟ್ ಬಿಟ್ಟ ಹುಡುಗೋರನ್ನ ಮಾತಾಡಿಸ್ರಿ. "ಅಣ್ಣಾ ಯಾವ ಟ್ರೇಡ್, ಸೇರೋ ಮುಂದ ಪಗಾರ ಎಷ್ಟಿತ್ತು, ಈಗ ಎಷ್ಟೈತಿ" ಅಂತ ಮೂರು ಮಾತು ಕೇಳ್ರಿ ಸಾಕು, ಯಾವ ಕೌನ್ಸೆಲಿಂಗಿನ್ಯಾಗೂ ಸಿಗದ ಮಾಹಿತಿ ಸಿಗ್ತೈತಿ.

ಹಂತ 2: ಟ್ರೇಡ್ ಲೆಕ್ಕ

ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮಷಿನಿಸ್ಟ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಎಂಎಂವಿ (ಮೋಟರ್ ಗಾಡಿ ಮೆಕ್ಯಾನಿಕ್) ಇವು ಎರಡು ವರ್ಷದವು, ಎಸ್ಸೆಸ್ಸೆಲ್ಸಿ ಪಾಸ್ ಆಗಿರಬೇಕು. ವೆಲ್ಡರ್, ಡೀಸೆಲ್ ಮೆಕ್ಯಾನಿಕ್, ಕೋಪಾ (ಕಂಪ್ಯೂಟರ್ ಆಪರೇಟರ್) ಒಂದು ವರ್ಷದವು. ಎಸ್ಸೆಸ್ಸೆಲ್ಸಿ ಫೇಲ್ ಆದವರೂ ಎದಿಗುಂದಬ್ಯಾಡ್ರಿ, ವೆಲ್ಡರ್, ವೈರ್‌ಮನ್, ಹೊಲಿಗಿ ಕೆಲಸದ ಸೂಯಿಂಗ್ ಟೆಕ್ನಾಲಜಿ ಇವಕ್ಕ 8ನೇ ಪಾಸ್ ಮ್ಯಾಲ ತಗೋತಾರ, ಆದ್ರ ಎಸ್ಸೆಸ್ಸೆಲ್ಸಿ ಮತ್ತೊಮ್ಮೆ ಬರ್ಯೋ ಅವಕಾಶ ಇರೋ ಮುಂದ ಮೊದಲ ಅದನ್ನ ಬರೀರಿ, ಮುಂದ ಸರ್ಕಾರಿ ಅರ್ಜಿ ಹಾಕೋ ಮುಂದ ಎಸ್ಸೆಸ್ಸೆಲ್ಸಿ ಇಲ್ಲದ ಬಾಗಿಲ ತೆಗೆಯಂಗಿಲ್ಲ.

ಕೋಪಾ ಬಗ್ಗೆ ಸ್ಪಷ್ಟ ಹೇಳ್ತೀನಿ. ಕಂಪ್ಯೂಟರ್ ಅಂತ ಕೇಳಿ ತಂದೆತಾಯಿಗೆ ಖುಷಿ ಆಗ್ತೈತಿ, ಎಸಿ ರೂಮಿನ ಕೆಲಸ ಅನಿಸ್ತೈತಿ, ಆದ್ರ ಬರೇ ಕೋಪಾ ಒಂದರ ಮ್ಯಾಲ ಸಿಗೋ ಕೆಲಸ ಕಡಿಮಿ. ಅದನ್ನ ಹಿಡಿಯೋದಾದ್ರ ಕನ್ನಡ ಇಂಗ್ಲಿಷ್ ಟೈಪಿಂಗ್, ಟ್ಯಾಲಿ, ಜಿಎಸ್‌ಟಿ ಬಿಲ್ಲಿಂಗ್ ಜೋಡಿಗೆ ಕಲೀಬೇಕು, ಅಂದ್ರ ಅಂಗಡಿ, ಸೊಸೈಟಿ, ಕಾರ್ಖಾನೆ ಆಫೀಸಿನ್ಯಾಗ ಕುಂದರಾಕ ಬರ್ತೈತಿ.

ಹೆಣ್ಣುಮಕ್ಕಳಿಗೆ ಹೊಲಿಗಿ ಇಲ್ಲಾ ಕೋಪಾ ಅಷ್ಟ ಅಂತ ಅನ್ನೋದು ಬಿಡ್ರಿ. ಎಲೆಕ್ಟ್ರಾನಿಕ್ಸ್, ಡ್ರಾಫ್ಟ್ಸ್‌ಮನ್, ಮಷಿನಿಸ್ಟ್ ಮಾಡಿದ ಹುಡುಗ್ಯಾರು ಸಿಎನ್‌ಸಿ ಮುಂದ, ಕ್ವಾಲಿಟಿ ಟೇಬಲ್ ಮುಂದ ಚಂದ ಕೆಲಸ ಮಾಡ್ತಾರ, ನನ್ನ ಕಣ್ಣಾರೆ ನೋಡ್ತೀನಿ. 2023ರಿಂದ ಶಕ್ತಿ ಯೋಜನೆ ಇರೋದ್ರಿಂದ ಸಾದಾ ಸರ್ಕಾರಿ ಬಸ್ಸಿನ್ಯಾಗ ಓಡಾಟದ ಖರ್ಚೂ ಇಲ್ಲ, ಹಿಂಗಾಗಿ ಮಗಳಿಗೆ ಊರಾಗಿನ ಕಾಲೇಜ್ ಬಿಟ್ಟು ತಾಲೂಕಿನ ಚೊಲೊ ಕಾಲೇಜ್ ಆರಿಸಾಕ ರೊಕ್ಕದ ಅಡ್ಡಿ ಇಲ್ಲ.

ಹಂತ 3: ಐಟಿಐ, ಡಿಪ್ಲೊಮಾ, ಜಿಟಿಟಿಸಿ ನಡುವ ಯಾವುದು

ಗಣಿತ ವಿಜ್ಞಾನ ಕೈಹಿಡದೈತಿ, ಮನಿಯಾಗ ಮೂರು ವರ್ಷ ಕಾಯೋ ತಾಕತ್ತು ಐತಿ ಅಂದ್ರ ಪಾಲಿಟೆಕ್ನಿಕ್ ಡಿಪ್ಲೊಮಾ ಹಿಡೀರಿ. ಮುಂದ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರದು ಸೀದಾ ಎಂಜಿನಿಯರಿಂಗ್ ಎರಡನೇ ವರ್ಷಕ್ಕ ಹೋಗಬಹುದು. ಜಲ್ದಿ ದುಡೀಬೇಕು, ಕೈಕೆಲಸದಾಗ ಆಸಕ್ತಿ ಐತಿ ಅಂದ್ರ ಐಟಿಐ. ಐಟಿಐ ಅಂದ್ರ ಓದು ಮುಗೀತು ಅಂತ ಅಲ್ಲ, ಎರಡು ವರ್ಷದ ಟ್ರೇಡ್ ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕ ಸೀದಾ ಸೇರೋ ಲ್ಯಾಟರಲ್ ಎಂಟ್ರಿ ಐತಿ, ಅಲ್ಲಿಂದ ಎಂಜಿನಿಯರಿಂಗ್‌ಗೂ ದಾರಿ ಐತಿ. ಇದನ್ನ ಮನಿ ಹಿರಿಯರಿಗೆ ಹೇಳ್ರಿ, "ಐಟಿಐ ಸೇರಿದ್ರ ಮುಂದ ಓದಾಕ ಬರಂಗಿಲ್ಲ" ಅಂತ ತಪ್ಪು ತಿಳ್ಕೊಂಡವರು ಇನ್ನೂ ಭಾಳ ಮಂದಿ ಅದಾರ.

ಜಿಟಿಟಿಸಿ ಬಗ್ಗೆ ನಮ್ಮ ಹಳ್ಳಿ ಕಡೆ ಗೊತ್ತಿರೋದು ಕಡಿಮಿ. 1972ರಾಗ ಡೆನ್ಮಾರ್ಕ್ ಸಹಾಯದಿಂದ ಬೆಂಗಳೂರಾಗ ಶುರುವಾದ ಸರ್ಕಾರಿ ಟೂಲ್ ರೂಮ್ (ಕಾರ್ಖಾನೆಗೆ ಬೇಕಾದ ಅಚ್ಚು, ಟೂಲ್ ಮಾಡಾಕ ಕಲಿಸೋ ಕೇಂದ್ರ) ಇದು, ನಮ್ಮ ಭಾಗದಾಗ ಬೆಳಗಾವಿ ಉದ್ಯಮಬಾಗದಾಗ ಐತಿ, ಬಾಗಲಕೋಟಿ ಜಿಲ್ಲ್ಯಾಗ ಕೂಡಲಸಂಗಮದಾಗ ಐತಿ. ಟೂಲ್ ಆಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಕ್ಲಾಸು ವರ್ಕ್‌ಶಾಪು, ನಾಲ್ಕನೇ ವರ್ಷ ಪೂರ್ತಿ ಕಾರ್ಖಾನ್ಯಾಗ ಟ್ರೈನಿಂಗ್. ಫೀ ಸರ್ಕಾರಿ ಐಟಿಐಗಿಂತ ಜಾಸ್ತಿ, ಆದ್ರ ಮಷಿನ್ ಶಾಪ್ ಮಾಲಕರು ಜಿಟಿಟಿಸಿ ಹುಡುಗ ಅಂದ್ರ ಎರಡನೇ ಮಾತು ಕೇಳಂಗಿಲ್ಲ. ಬೆಳಗಾವಿ ಸುತ್ತಮುತ್ತದವರು, ಹುನಗುಂದ ಇಳಕಲ್ ಕಡೆಯವರು ಮೊದಲ ಇಲ್ಲಿ ಹೋಗಿ ವಿಚಾರಿಸ್ರಿ. ಬಿಡದಿಯ ಟೊಯೊಟಾ ಟ್ರೈನಿಂಗ್ ಸಂಸ್ಥೆನೂ ಎಸ್ಸೆಸ್ಸೆಲ್ಸಿ ಮುಗಿಸಿದ ಬಡ ಹಳ್ಳಿ ಮಕ್ಕಳನ್ನ ಪರೀಕ್ಷೆ ಮ್ಯಾಲ ಆರಿಸ್ತೈತಿ, ಅಲ್ಲೇ ಇಟ್ಕೊಂಡು ಕಲಿಸ್ತಾರ, ಹುಷಾರ್ ಮಕ್ಕಳು ಅದಕ್ಕೂ ಅರ್ಜಿ ಹಾಕ್ರಿ.

ಹಂತ 4: ಕಾಲೇಜಿನ ವರ್ಕ್‌ಶಾಪ್ ಒಳಗ ಕಾಲಿಡ್ರಿ

ಇಡೀ ಬರಹದಾಗ ಇದೊಂದು ಹಂತ ಬಿಡಬ್ಯಾಡ್ರಿ. ಅರ್ಜಿ ಹಾಕೋಕಿಂತ ಮೊದಲ, ಕಾಲೇಜ್ ನಡೀತಿರೋ ದಿನ, ಊಟದ ಹೊತ್ತು ಬಿಟ್ಟು ಹೋಗ್ರಿ. ಆಫೀಸಿನ್ಯಾಗ ಕುಂತು ಬ್ರೋಷರ್ ನೋಡಿ ಬರಬ್ಯಾಡ್ರಿ, "ಸರ್, ವರ್ಕ್‌ಶಾಪ್ ಒಮ್ಮೆ ನೋಡ್ತೀವ್ರಿ" ಅನ್ರಿ. ತೋರಿಸಾಕ ಹಿಂದಮುಂದ ನೋಡಿದ್ರ ಅಲ್ಲೇ ಉತ್ತರ ಸಿಕ್ತು.

ಒಳಗ ಹೋದ್ರ ಮೊದಲ ನೆಲ ನೋಡ್ರಿ. ಲೇಥ್ ಕೆಳಗಿನ ಟ್ರೇನ್ಯಾಗ ಹೊಸ ಬೂರು, ಅಂದ್ರ ಕತ್ತರಿಸಿದ ಕಬ್ಬಿಣದ ಸುರುಳಿ, ಬಿದ್ದಿರಬೇಕು. ಆ ಸುರುಳಿ ಬೆಳ್ಳಗ ಹೊಳೀತಿದ್ರ ಮಷಿನ್ ಇವತ್ತು ನಿನ್ನೆ ಓಡೈತಿ, ಕೆಂಪು ತುಕ್ಕು ಹಿಡದಿದ್ರ ಎಷ್ಟು ದಿನದಿಂದ ಓಡಿಲ್ಲ ಅಂತ ನೀವ ಲೆಕ್ಕ ಹಾಕ್ರಿ. ಟ್ರೇ ಸ್ವಚ್ಛ ಇದ್ದು ಚಕ್ ಮ್ಯಾಲ ಧೂಳು ಕುಂತಿದ್ರ ಅದು ಇನ್‌ಸ್ಪೆಕ್ಷನ್‌ಗೆ ಇಟ್ಟ ಮಷಿನ್. ಫಿಟ್ಟಿಂಗ್ ಬೆಂಚಿಗೆ ಬರ್ರಿ. ಒಬ್ಬೊಬ್ಬರಿಗೆ ಒಂದೊಂದು ವೈಸ್ (ತುಂಡು ಬಿಗಿಯಾಗಿ ಹಿಡಿಯೋದು) ಐತೋ, ನಾಕು ಮಂದಿ ಸರದಿ ಕಾಯಬೇಕೋ? ಫೈಲಿನ (ಅರದ) ಹಲ್ಲು ಸವದು ನುಣ್ಣಗಾಗಿದ್ರ, ಹೊಸಾವು ತರಾಕ ರೊಕ್ಕ ಇಲ್ಲ ಅಂತ ಅರ್ಥ. ಒಬ್ಬ ಹುಡುಗನ್ನ ನಿಲ್ಲಿಸಿ ಅಂವ ಮಾಡಿದ ಜಾಬ್ ತೋರಿಸಪಾ ಅನ್ರಿ. ಫೈಲ್ ಹೊಡದ ಕಬ್ಬಿಣದ ತುಂಡಿನ ಮ್ಯಾಲ ಟ್ರೈಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡೀತಾರ, ನಡುವ ಬೆಳಕು ಕಾಣಲಿಲ್ಲಂದ್ರ 90 ಡಿಗ್ರಿ ಬಂದೈತಿ. ಹಂಗ ಹಿಡದು ತೋರಿಸೋ ಹುಡುಗ ಇದ್ದ ಕಾಲೇಜಿನ್ಯಾಗ ಕಲಿಸೋ ಮೇಷ್ಟ್ರು ಅದಾರ. ಎಲೆಕ್ಟ್ರಿಷಿಯನ್ ಆದ್ರ ಮೋಟರ್ ಬಿಚ್ಚಿ ವೈಂಡಿಂಗ್ ಮಾಡಿದ್ದು, ಸ್ಟಾರ್ಟರ್ ಪ್ಯಾನೆಲ್ ವೈರಿಂಗ್ ಮಾಡಿದ್ದು ಕೇಳ್ರಿ. ವೆಲ್ಡಿಂಗ್ ಶೆಡ್ಡಿನ್ಯಾಗ ರಾಡ್ ಸ್ಟಾಕ್ ಐತಾ, ಹುಡುಗೋರ ಕೈಗೆ ಗ್ಲೌಸ್, ಮಾರಿಗೆ ಶೀಲ್ಡ್ ಐತಾ ನೋಡ್ರಿ, ಕಣ್ಣು ಒಂದ ಸಲ ಸಿಗೋದು.

ಇನ್ನು ಕಾಗದದ ಮ್ಯಾಲ ನೋಡೋದು. ಕಾಲೇಜಿನ ಎಂಐಎಸ್ ಕೋಡ್ (ಸರ್ಕಾರಿ ಪೋರ್ಟಲ್‌ನ್ಯಾಗಿನ ಕಾಲೇಜಿನ ನಂಬರ್) ಕೇಳ್ರಿ. ಸರ್ಕಾರಿದು ಜಿಆರ್ ಅಕ್ಷರದಿಂದ, ಖಾಸಗಿದು ಪಿಆರ್‌ದಿಂದ ಶುರುವಾಗ್ತೈತಿ, ಮುಂದ ಕರ್ನಾಟಕದ 29 ಬರ್ತೈತಿ. ಮಾನ್ಯತೆ ಇಡೀ ಕಾಲೇಜಿಗೆ ಒಂದ ಸಲ ಸಿಗಂಗಿಲ್ಲ, ಟ್ರೇಡ್ ಲೆಕ್ಕದಾಗ, ಯುನಿಟ್ (ಬ್ಯಾಚ್) ಲೆಕ್ಕದಾಗ ಸಿಗೋದು. ಎಲೆಕ್ಟ್ರಿಷಿಯನ್‌ಗೆ ಎನ್‌ಸಿವಿಟಿ (ಕೇಂದ್ರದ ಮಾನ್ಯತೆ) ಇದ್ದು ಫಿಟ್ಟರ್‌ಗೆ ಇಲ್ಲದಿರಬಹುದು. ಹಿಂಗಾಗಿ "ನಮ್ದು ಎನ್‌ಸಿವಿಟಿ ಕಾಲೇಜ್" ಅನ್ನೋ ಮಾತು ಸಾಕಾಗಂಗಿಲ್ಲ, ನಿಮ್ಮ ಟ್ರೇಡ್ ಹೆಸರು ಹೇಳಿ ಪೋರ್ಟಲ್‌ನ್ಯಾಗ ತೋರಿಸ್ರಿ ಅನ್ರಿ. "ಹಾಜರಿ ಬೇಕಾಗಿಲ್ಲ, ಪರೀಕ್ಷೆಗೆ ಬಂದ್ರ ಸಾಕು" ಅನ್ನೋ ಕಡೆ ಅಂತೂ ನಿಲ್ಲಬ್ಯಾಡ್ರಿ. ನಿಯಮದ ಪ್ರಕಾರ 80 ಪರ್ಸೆಂಟ್ ಹಾಜರಿ ಬೇಕು, ಅದಕ್ಕಿಂತ ಮುಖ್ಯ, ಬಾರದ ಹುಡುಗನ ಕೈಗೆ ಏನು ಹತ್ತೀತು?

ಸರ್ಕಾರಿ ಐಟಿಐ ಅಂದ್ರ ಹಳೆ ಮಷಿನ್ ಅನ್ನೋ ಕಾಲ ಹೋಗೇತಿ. ಟಾಟಾ ಟೆಕ್ನಾಲಜೀಸ್ ಜೋಡಿ ಸೇರಿ ರಾಜ್ಯದ 150 ಸರ್ಕಾರಿ ಐಟಿಐ ಮ್ಯಾಲದರ್ಜೆಗೆ ಏರಿಸ್ಯಾರ, 4,636 ಕೋಟಿ ರೂಪಾಯಿ ಯೋಜನೆ, 2022ರಾಗ ಉದ್ಘಾಟನೆ ಆತು. ಸಿಎನ್‌ಸಿ, ರೊಬೊಟಿಕ್ಸ್, ಎಲೆಕ್ಟ್ರಿಕ್ ಗಾಡಿ ಮೆಕ್ಯಾನಿಕ್ ಅಂತ ಹೊಸ ಟ್ರೇಡ್ ಬಂದಾವ. ನಿಮ್ಮ ಹತ್ರದ ಸರ್ಕಾರಿ ಐಟಿಐ ಆ ಪಟ್ಟ್ಯಾಗ ಐತಾ ಕೇಳ್ರಿ, ಇದ್ರ ಆ ಹೊಸ ಮಷಿನ್ ಮ್ಯಾಲ ಹುಡುಗೋರ ಕೈ ಆಡಿಸಾಕ ಬಿಡ್ತಾರಾ ಅದನ್ನೂ ಕೇಳ್ರಿ.

ಹಂತ 5: ಅರ್ಜಿ ಮತ್ತ ಕಾಗದಪತ್ರ

ಎಸ್ಸೆಸ್ಸೆಲ್ಸಿ ರಿಜಲ್ಟ್ ಬಂದಮ್ಯಾಲ ಕೈಗಾರಿಕಾ ತರಬೇತಿ ಇಲಾಖೆ ಆನ್‌ಲೈನ್ ಅರ್ಜಿ ಕರೀತೈತಿ, ಸೀಟು ಅಂಕ ಮತ್ತ ಮೀಸಲಾತಿ ಮ್ಯಾಲ. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರ್ಯಾಗ ಮೊದಲ ಮಾಡಿಸಿ ಇಟ್ಕೊಳ್ರಿ, ಕಡೇ ದಿನ ಸರ್ವರ್ ಬ್ಯುಸಿ ಅಂತ ಓಡಾಡೋದು ತಪ್ಪತೈತಿ. ಗ್ರಾಮೀಣ ಮತ್ತ ಕನ್ನಡ ಮಾಧ್ಯಮದ ಪ್ರಮಾಣಪತ್ರನೂ ಸಾಲಿಯಿಂದ ಈಗ ತಗೋಳ್ರಿ, ಮುಂದ ರಾಜ್ಯ ಸರ್ಕಾರಿ ನೌಕರಿಗೆ ಬೇಕಾಗ್ತಾವ.

ಎಲ್ಲಾಕಿಂತ ಮೊದಲ ಆಧಾರ್ ಕಾರ್ಡಿನ ಹೆಸರು, ಹುಟ್ಟಿದ ತಾರೀಖು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೋಡಿ ಅಕ್ಷರಕ್ಕ ಅಕ್ಷರ ಕೂಡಬೇಕು. ಒಂದರಾಗ ಅಡ್ಡಹೆಸರು ಐತಿ, ಇನ್ನೊಂದರಾಗ ಇಲ್ಲ ಅಂದ್ರ ಮುಂದ ಅಪ್ರೆಂಟಿಸ್ ಪೋರ್ಟಲ್, ಪಿಎಫ್ ಎಲ್ಲಾ ಕಡೆ ಅಡಕತ್ತರಿ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಮಾಡಿಸ್ರಿ, ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನ ಸ್ಕಾಲರ್‌ಶಿಪ್ ಬರೋದು ಆ ಖಾತೆಗೆ. ರೈತರ ಮಕ್ಕಳಿಗೆ 2021ರಾಗ ಶುರುವಾದ ವಿದ್ಯಾನಿಧಿಯಾಗ ಐಟಿಐದವರಿಗೆ ಹುಡುಗರಿಗೆ 2,500, ಹುಡುಗ್ಯಾರಿಗೆ 3,000 ರೂಪಾಯಿ ಅಂತ ಇಟ್ಟಾರ, ಅದರ ಈಗಿನ ಸ್ಥಿತಿ ಕಾಲೇಜಿನ್ಯಾಗ ಕೇಳ್ರಿ.

ಹಂತ 6: ಒಳಗ ಇದ್ದಷ್ಟು ದಿನ

ಪ್ರಾಕ್ಟಿಕಲ್‌ಗೆ ಪಾಸ್ ಆಗಾಕ 60 ಪರ್ಸೆಂಟ್ ಬೇಕು, ಉಳಿದ ವಿಷಯಕ್ಕ 33. ಈ ಅಂಕಿ ನೋಡಿದ್ರನ ಗೊತ್ತಾಗ್ತೈತಿ ಯಾವುದಕ್ಕ ತೂಕ ಅಂತ. ಥಿಯರಿ ಪರೀಕ್ಷೆ ಕಂಪ್ಯೂಟರ್ ಮ್ಯಾಲ, ಮೌಸ್ ಹಿಡದು ರೂಢಿ ಮಾಡ್ಕೊಳ್ರಿ. ಕಡಿಮಿ ಅಂದ್ರೂ ವರ್ನಿಯರ್ 0.02 ಎಂಎಂ, ಮೈಕ್ರೊಮೀಟರ್ 0.01 ಎಂಎಂತನಕ ತಡವರಿಸದ ಓದಾಕ ಬರಬೇಕು, ಡ್ರಾಯಿಂಗ್ ನೋಡಿ ಟಾಲರೆನ್ಸ್ (ಅಳತಿ ಎಷ್ಟು ಹೆಚ್ಚುಕಡಿಮಿ ಇರಬಹುದು ಅನ್ನೋದು) ಹೇಳಾಕ ಬರಬೇಕು. ಇಂಟರ್‌ವ್ಯೂನ್ಯಾಗ ನಾವು ಕೇಳೋದು ಇಷ್ಟ: ಟೇಬಲ್ ಮ್ಯಾಲ ಒಂದು ಬುಷ್ (ತೂತು ಇರೋ ದುಂಡನ ಪಾರ್ಟ್) ಇಡ್ತೀವಿ, ಒಳಗಿನ ಡಯಾ, ಹೊರಗಿನ ಡಯಾ ಅಳದು ಬರಿ ಅಂತೀವಿ. ಬುಷ್ ಒರೆಸಿ, ವರ್ನಿಯರ್ ಬಾಯಿ ಮುಚ್ಚಿ ಝೀರೊ ನೋಡಿ, ಆಮ್ಯಾಲ ಅಳತಿ ತಗೊಳ್ಳೋ ಹುಡುಗನ್ನ ಅಲ್ಲೇ ಆರಿಸಿಬಿಡ್ತೀವಿ, ಮಾರ್ಕ್ಸ್ ಕಾರ್ಡ್ ಆಮ್ಯಾಲ ತೆಗಿತೀವಿ.

ಹಂತ 7: ಅಪ್ರೆಂಟಿಸ್ ಬಿಡಬ್ಯಾಡ್ರಿ

ಐಟಿಐ ಮುಗಿಸಿ ಸೀದಾ ಪಗಾರಕ್ಕ ಓಡೋ ಹುಡುಗೋರು ಭಾಳ. ಮನಿ ಕಷ್ಟ ನನಗೂ ಗೊತ್ತೈತಿ, ಆದ್ರೂ ಕೈಮುಗದು ಹೇಳ್ತೀನಿ, ಅಪ್ರೆಂಟಿಸ್ (ಸ್ಟೈಪೆಂಡ್ ತಗೊಂಡು ಕಾರ್ಖಾನ್ಯಾಗ ಕೆಲಸ ಕಲಿಯೋದು) ಮಾಡ್ರಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಜಾಸ್ತಿ ಮಂದಿ ಇರೋ ಸಂಸ್ಥೆ ಅಪ್ರೆಂಟಿಸ್ ತಗೊಳ್ಳಲೇಬೇಕು, ಇದ್ದ ಮಂದಿಯ 2.5 ರಿಂದ 15 ಪರ್ಸೆಂಟ್. 2019ರ ನಿಯಮದಾಗ ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000 ಇಟ್ಟಿದ್ರು, ಅದಕ್ಕಿಂತ ಕಡಿಮಿ ಯಾರೂ ಕೊಡೋಹಂಗಿಲ್ಲ. ಮುಗದಮ್ಯಾಲ ಪರೀಕ್ಷೆ ಬರದ್ರ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್) ಸರ್ಟಿಫಿಕೇಟ್ ಸಿಗ್ತೈತಿ, ಐಟಿಐ ಸರ್ಟಿಫಿಕೇಟ್ ಜೋಡಿ ಇದು ಸೇರಿದ್ರ ನಿಮ್ಮ ಅರ್ಜಿಯ ತೂಕ ಬ್ಯಾರೆ.

ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಅಪ್ರೆಂಟಿಸ್‌ಗೆ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತ ಐಟಿಐ ಅಂಕದ ಸರಾಸರಿ ಮ್ಯಾಲ ಮೆರಿಟ್ ಲಿಸ್ಟ್ ಮಾಡ್ತಾರ, ಎಸ್ಸೆಸ್ಸೆಲ್ಸಿಯಾಗ 50 ಪರ್ಸೆಂಟ್ ಬೇಕು. ರೈಲ್ವೆಯೊಳಗ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 (ಮೊದಲ ಮೆಟ್ಟಿಲಿನ) ಹುದ್ದೆಯಾಗ 20 ಪರ್ಸೆಂಟ್ ಬ್ಯಾರೆ ತೆಗೆದಿಟ್ಟಾರ, ನಮ್ಮ ಕಡೆ ಹುಡುಗೋರು ಇದನ್ನ ತಿಳಿಯದ ಬಿಟ್ಟುಬಿಡ್ತಾರ. ಲೋಕೊ ಪೈಲಟ್ ಆಸೆ ಇದ್ದವರು ಮೊದಲ ಕಣ್ಣು ತೋರಿಸ್ರಿ, ಕನ್ನಡಕ ಇಲ್ಲದ 6/6 ಬೇಕು, ಬಣ್ಣ ಗುರುತಿಸಬೇಕು, ಲೇಸಿಕ್ ಮಾಡಿಸಿದವರಿಗೂ ಬರಂಗಿಲ್ಲ. ಎರಡು ವರ್ಷ ಕೋಚಿಂಗ್ ಮಾಡಿ ಮೆಡಿಕಲ್‌ನ್ಯಾಗ ಹೊರಗ ಬೀಳೋದು ಭಾಳ ನೋವಿನ ಮಾತು. ಬಸ್ ಡಿಪೋದಾಗೂ ಎಂಎಂವಿ, ಡೀಸೆಲ್, ವೆಲ್ಡರ್ ಹುಡುಗೋರಿಗೆ ಅಪ್ರೆಂಟಿಸ್ ಕರೀತಾರ, ಡಿಪೋ ಮುಂದಿನ ನೋಟಿಸ್ ಬೋರ್ಡ್ ಮ್ಯಾಲ ಕಣ್ಣಿಡ್ರಿ.

ಜ್ವಾಕಿ ಇರಬೇಕಾದ್ದು ಒಂದು. ಕೆಲವು ಕಡೆ "ಟ್ರೈನಿ" ಅಂತ ಬಾಯಿಮಾತಿಗೆ ಇಟ್ಕೊಂಡು ವರ್ಷಗಟ್ಟಲೆ ದುಡಿಸ್ತಾರ. ಖರೇ ಅಪ್ರೆಂಟಿಸ್ ಆದ್ರ ನಿಮ್ಮ ಕಾಂಟ್ರಾಕ್ಟ್ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನ್ಯಾಗ ನಿಮ್ಮ ಲಾಗಿನ್‌ಗೆ ಕಾಣಬೇಕು. ಕಾಣಲಿಲ್ಲಂದ್ರ ಮೊದಲನೇ ವಾರದಾಗ ಎಚ್‌ಆರ್ ಹತ್ರ ಕೇಳ್ರಿ. ಕೆಲಸ ಕೊಡಸ್ತೀನಿ ಅಂತ ರೊಕ್ಕ ಕೇಳೋ ಏಜೆಂಟ್‌ಗೆ ಒಂದು ರೂಪಾಯಿ ಕೊಡಬ್ಯಾಡ್ರಿ.

ಹಂತ 8: ಮೊದಲನೇ ನೌಕರಿ, ಇಲ್ಲಾ ಸ್ವಂತ ಅಂಗಡಿ

ಸ್ವಂತ ಮಾಡೋರಿಗೆ ಸ್ವಉದ್ಯೋಗ ಕಲಿಸೋ ಕೇಂದ್ರ ಅದಾವ: ವಿಜಯಪುರದಾಗ ರುಡ್‌ಸೆಟಿ ಐತಿ, ಜಿಲ್ಲಾ ಲೀಡ್ ಬ್ಯಾಂಕಿನ ಆರ್‌ಸೆಟಿಗಳು ಅದಾವ, ಮೋಟರ್ ರಿವೈಂಡಿಂಗ್, ಮನಿ ವೈರಿಂಗ್, ಬೈಕ್ ರಿಪೇರಿ ಇಂಥಾ ಸಣ್ಣ ಕೋರ್ಸ್ ಊಟ ವಸತಿ ಸಮೇತ ಪುಕ್ಕಟೆ. ನಮ್ಮ ಹೊಲದಾಗ ಬೋರ್‌ವೆಲ್ ಮೋಟರ್ ಸುಡೋದಕ್ಕ ಕಡಿಮಿ ಇಲ್ಲ, ರಿವೈಂಡಿಂಗ್ ಚೊಲೊ ಬಂದಾಂವ ಹಳ್ಳ್ಯಾಗ ಕುಂತ ದುಡೀತಾನ. ಸಾಲಕ್ಕ ಕೇಂದ್ರದ ಸ್ವಉದ್ಯೋಗ ಯೋಜನೆ ಪಿಎಂಇಜಿಪಿ ನೋಡ್ರಿ, ಸರ್ವಿಸ್ ಘಟಕಕ್ಕ 20 ಲಕ್ಷತನಕ, ಉತ್ಪಾದನೆಗೆ 50 ಲಕ್ಷತನಕ ಪ್ರಾಜೆಕ್ಟ್ ಹಾಕಬಹುದು, ಸಬ್ಸಿಡಿ ಐತಿ.

ಕಂಪನಿ ನೌಕರಿ ಹಿಡಿಯೋರು ಸೇರೋ ದಿನ ನಾಕು ಮಾತು ಬಾಯಿಬಿಟ್ಟು ಕೇಳ್ರಿ. ಯಾರ ಹೆಸರಿನ್ಯಾಗ ನೇಮಕ, ಕಂಪನಿದೋ ಕಾಂಟ್ರಾಕ್ಟರ್‌ದೋ? ಕೈಗೆ ಬರೋದು ಎಷ್ಟು, ಓವರ್‌ಟೈಮ್ ಸೇರಿಸಿ ಹೇಳ್ತಾರೋ ಬಿಟ್ಟು ಹೇಳ್ತಾರೋ? ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ದವಾಖಾನಿ ವಿಮೆ) ಐತಾ? ಅಪ್ರೆಂಟಿಸ್ ಇದ್ದಾಗ ಇವೆರಡೂ ಹಿಡಿಯಂಗಿಲ್ಲ, ನೌಕರಿಗೆ ಬಂದಮ್ಯಾಲ ಪಿಎಫ್‌ಗೆ 12 ಪರ್ಸೆಂಟ್, ಇಎಸ್‌ಐಗೆ 0.75 ಪರ್ಸೆಂಟ್ ನಿಮ್ಮ ಕಡೆಯಿಂದ ಹೋಗ್ತೈತಿ, ಮಾಲಕರದು ಬ್ಯಾರೆ ಸೇರ್ತೈತಿ. ಯುಎಎನ್ (ನಿಮ್ಮ ಪಿಎಫ್) ನಂಬರ್ ಬಂದ ಕೂಡ್ಲೇ ಬರದಿಟ್ಕೊಳ್ರಿ, ಫೋನಿನ್ಯಾಗ ಪಾಸ್‌ಬುಕ್ ತೆಗೆದು ತಿಂಗಳಾ ತಿಂಗಳಾ ರೊಕ್ಕ ಬಿದ್ದೈತೋ ಇಲ್ಲೋ ನೋಡ್ರಿ, ಮುಂದ ಕಂಪನಿ ಬದಲಿ ಮಾಡಿದ್ರೂ ಅದ ನಂಬರ್ ಕೊಡ್ರಿ.